ತಂಡ ಚದುರಿದ ಮೇಲೆ ಹಾಡು ಯಾರ ಪಾಲಿಗೆ?

2008ರಲ್ಲಿ ಹೊರಬಂದ ಒಂದು ಆಲ್ಬಮ್ಮಿನ ಮೇಲೆ ಎರಡು ಹೆಸರುಗಳಿದ್ದವು. ಒಂದು ‘ಅಂತರಾಗ್ನಿ’, ಇನ್ನೊಂದು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಎರಡನೆಯದು ಹೊಸ ಹೆಸರು. ಮೊದಲನೆಯದು ಮೂರು ವರ್ಷದ ಹಿಂದೆ, 2005ರಲ್ಲಿ ಚದುರಿಹೋಗಿದ್ದ ಬ್ಯಾಂಡಿನದು. ಆ ಬ್ಯಾಂಡನ್ನು ಹಾಡುಗಾರ ರಘು ದೀಕ್ಷಿತ್ ಕಟ್ಟಿದ್ದು ಕರ್ನಾಟಕ ಸಂಗೀತದ ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಜೊತೆ ಸೇರಿ. ತಂಡದಿಂದ ಬೇರೆಯಾದ ಹಾಡುಗಾರರು ಸಾಮಾನ್ಯವಾಗಿ ಮೊದಲು ಇಳಿಸುವುದೇ ಹಳೆಯ ಬೋರ್ಡನ್ನು. ಇಲ್ಲಿ ಹಾಗಾಗಲಿಲ್ಲ. ಇಲ್ಲದ ತಂಡದ ಹೆಸರೇ ಸ್ವಂತ ಹೆಸರಿನ ಮೊದಲ ಆಲ್ಬಮ್ಮಿನ ನೆತ್ತಿಯ ಮೇಲೆ ಕೂತಿತು. ಆ ಆಲ್ಬಮ್ಮಿನ ಹಾಡುಗಳ ಬಗ್ಗೆ ಬೇಕಾದಷ್ಟು ಮಾತು ನಡೆದಿದೆ. ಹೆಸರಿನ ಈ ಸಂಗತಿಯ ಮೇಲೆ ಮಾತ್ರ ಯಾರೂ ಹೆಚ್ಚು ಹೊತ್ತು ನಿಂತಂತಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ.

ಈಗ ಇದನ್ನು ಬರೆಯಲು ಕಾರಣವಿದೆ. ಮಾಗಡಿಯ ಸುತ್ತಮುತ್ತ ಹಾಡುವ ಹುಡುಗರು ಬಹಳ. ರಂಗನಾಥಸ್ವಾಮಿಯ ತೇರು, ಗಣೇಶನ ಹಬ್ಬ, ರಾಜ್ಯೋತ್ಸವ ಬಂತೆಂದರೆ ಕುದೂರು, ತಿಪ್ಪಸಂದ್ರ, ಮಾಡಬಾಳ್ ಕಡೆಯಿಂದೆಲ್ಲ ಆರ್ಕೆಸ್ಟ್ರಾಗಳಿಗೆ ಕರೆ ಬರುತ್ತದೆ. ಒಂದು ಕೀಬೋರ್ಡು, ರಿದಮ್ ಪ್ಯಾಡು, ಗಿಟಾರು, ಇಬ್ಬರು ಮೂವರು ಹಾಡುಗಾರರು, ಸಾಮಾನು ಹೇರಿಕೊಂಡು ಹೋಗಲು ಒಂದು ಟೆಂಪೋ. ಇಷ್ಟು ದಿನ ಇವರು ಸಿನಿಮಾ ಹಾಡು ಹಾಡಿಕೊಂಡಿದ್ದರು. ಈಗ ಕೆಲವರು ಸ್ವಂತ ಹಾಡು ಕಟ್ಟುತ್ತಿದ್ದಾರೆ, ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಸ್ವಂತ ಹಾಡು ಹುಟ್ಟಿದ ಕಡೆ ಸ್ವಂತ ಜಗಳವೂ ಹುಟ್ಟುತ್ತದೆ. ಅಂಥ ಒಂದು ತಂಡದಲ್ಲಿ ಹಾಡುವ ಹುಡುಗನೊಬ್ಬ ಇತ್ತೀಚೆಗೆ ಕೇಳಿದ: “ಅಣ್ಣ, ತಂಡದಿಂದ ಆಚೆ ಬಂದು ನಂದೇ ಒಂದು ಆಲ್ಬಮ್ ಮಾಡಾಣ ಅಂತಿದೀನಿ. ಅಲ್ಲಿ ಮಾಡಿದ್ ಹಾಡು ಹಾಕ್ಕೋಬೋದಾ?”

ಕೇಳಲು ಸಣ್ಣ ಪ್ರಶ್ನೆ. ಆದರೆ ಜಗತ್ತಿನ ದೊಡ್ಡ ದೊಡ್ಡ ಬ್ಯಾಂಡುಗಳು ಕೋರ್ಟು ಹತ್ತಿದ್ದು ಇಂಥ ಪ್ರಶ್ನೆಗಳಿಗೇ.

ಹಾಡುಗಾರರು ತಂಡ ಬಿಡುವುದು ಅಹಂಕಾರಕ್ಕೆ, ಹಣಕ್ಕೆ ಎಂದು ಊರಲ್ಲಿ ಮಾತಾಡಿಕೊಳ್ಳುತ್ತಾರೆ. ಅದೂ ಇರಬಹುದು. ಆದರೆ ಹಾಡು ಕಟ್ಟುವವರನ್ನು ಹೆಚ್ಚು ಕಾಡುವುದು ಜಾಗದ ಕೊರತೆ. ಬೀಟಲ್ಸ್ ತಂಡದಲ್ಲಿ ಹಾಡು ಬರೆಯುವುದು ಹೆಚ್ಚಾಗಿ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಜೋಡಿಯ ಕೆಲಸವಾಗಿತ್ತು. ಜಾರ್ಜ್ ಹ್ಯಾರಿಸನ್‌ಗೆ ಸಾಮಾನ್ಯವಾಗಿ ಒಂದು ಆಲ್ಬಮ್ಮಿನಲ್ಲಿ ಒಂದೋ ಎರಡೋ ಹಾಡಿನ ಜಾಗ ಸಿಕ್ಕರೆ ಹೆಚ್ಚು. ಉಳಿದವು ಅವನಲ್ಲೇ ಉಳಿದವು. 1970ರಲ್ಲಿ ತಂಡ ಒಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಹ್ಯಾರಿಸನ್ ಹೊರತಂದ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಒಂದೇ ತಟ್ಟೆಗೆ ಹಿಡಿಸಲಿಲ್ಲ. ಮೂರು ಎಲ್‌ಪಿಗಳಾಯಿತು. ವರ್ಷಗಟ್ಟಲೆ ಒಳಗೆ ಕಟ್ಟಿಟ್ಟಿದ್ದದ್ದು ಒಮ್ಮೆಗೇ ಹೊರಬಂತು. ಮೆಕಾರ್ಟ್ನಿಯ ದಾರಿ ಬೇರೆ. ಅದೇ ವರ್ಷದ ಏಪ್ರಿಲಿನಲ್ಲಿ ಬಂದ ತನ್ನ ಮೊದಲ ಒಂಟಿ ಆಲ್ಬಮ್ಮಿನಲ್ಲಿ ಗಿಟಾರು, ಡ್ರಮ್ಮು, ಪಿಯಾನೊ ಎಲ್ಲವನ್ನೂ ಅವನೇ ನುಡಿಸಿದ. ಅವನ ಜೊತೆ ದನಿಗೂಡಿಸಿದ್ದು ಹೆಂಡತಿ ಲಿಂಡಾ ಒಬ್ಬಳೇ. ಹ್ಯಾರಿಸನ್ ಮಾತ್ರ ಗೆಳೆಯರ ದಂಡನ್ನೇ ಸ್ಟುಡಿಯೋಗೆ ಕರೆದ. ಅವನ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದವರ ಪೈಕಿ ಹಳೆಯ ತಂಡದ ರಿಂಗೋ ಸ್ಟಾರ್ ಕೂಡ ಇದ್ದ. ಈ ಎರಡರಲ್ಲಿ ಇವತ್ತು ನನ್ನ ಕಿವಿಗೆ ತುಂಬಿ ಬರುವುದು ಹ್ಯಾರಿಸನ್‌ನದೇ. ಒಬ್ಬನ ಹೆಸರಿನಲ್ಲಿ ಬಂದರೂ ಅದರಲ್ಲಿ ಹತ್ತು ಜನರ ಉಸಿರಿದೆ.

ಮತ್ತೆ ‘ಅಂತರಾಗ್ನಿ’ಗೆ ಬರೋಣ. ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಾಸಿಕ್‌ನಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾಲಯದಿಂದ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದ ಸ್ನಾತಕೋತ್ತರ ಪದವೀಧರ. ಭರತನಾಟ್ಯದಲ್ಲಿ ವಿದ್ವತ್. ಗಿಟಾರು ಹಿಡಿದದ್ದು ಕಾಲೇಜಿನಲ್ಲಿ, ನೃತ್ಯ ಕಲಿಯುವ ಹುಡುಗನನ್ನು ಕೆಣಕಿದ ಸಹಪಾಠಿಯೊಬ್ಬನ ಸವಾಲಿಗೆ. ಓದು ಮುಗಿದ ಮೇಲೆ ಬೆಲ್ಜಿಯಂನ ಔಷಧ ಕಂಪನಿಯೊಂದರಲ್ಲಿ ಕೆಲಸ. ಬಿಡುವಿನಲ್ಲಿ ಹಾಡಿಕೊಳ್ಳುತ್ತಿದ್ದದ್ದು ಅಲ್ಲಿನ ರೇಡಿಯೊಗೆ ಮುಟ್ಟಿತು, ಕೇಳಿದವರು ಮೆಚ್ಚಿದರು. ಪ್ರಯೋಗಾಲಯ ಬಿಟ್ಟು ಸಂಗೀತಕ್ಕೆ ಬರುವ ಧೈರ್ಯ ಹುಟ್ಟಿದ್ದು ಅಲ್ಲಿಂದ ಎಂದು ಅವರು ಹಲವು ಕಡೆ ಹೇಳಿಕೊಂಡಿದ್ದಾರೆ.

ಅಂತರಾಗ್ನಿಯ ಸ್ವಾರಸ್ಯವಿದ್ದದ್ದು ಪಿಟೀಲು ಮತ್ತು ಗಿಟಾರಿನ ಕೂಟದಲ್ಲಿ. ಗಮಕ ಬಲ್ಲ ಕೈಯೊಂದು, ಗಿಟಾರನ್ನು ಬೀಸಿ ಬಾರಿಸುವ ಕೈಯೊಂದು. ಆ ದಿನಗಳಲ್ಲಿ ಬೆಂಗಳೂರಿನ ಬ್ಯಾಂಡುಗಳೆಂದರೆ ಬಹುಪಾಲು ಇಂಗ್ಲಿಷು, ಅದರಲ್ಲೂ ರಾಕ್. ಅಂಥ ವೇದಿಕೆಯಲ್ಲಿ ಕನ್ನಡದ ತತ್ವಪದ ಹಾಡುವುದೇ ಒಂದು ಹಟ. ತಂಡ ಚದುರಿದ ಮೇಲೆ ಪಿಟೀಲು ತನ್ನ ಕಚೇರಿಗಳ ದಾರಿ ಹಿಡಿಯಿತು. ಹಾಡುಗಾರನ ಕೈಯಲ್ಲಿ ಹಾಡುಗಳು ಉಳಿದವು, ತಂಡ ಉಳಿಯಲಿಲ್ಲ.

ಮುಂದಿನ ಮೂರು ವರ್ಷವನ್ನು ನಮ್ಮ ಹುಡುಗರು ಗಮನಿಸಬೇಕು. ಮುಂಬೈಯ ಸಂಗೀತ ಕಂಪನಿಗಳ ಬಾಗಿಲು ತಟ್ಟಿದರೂ ಯಾವುದೂ ತೆರೆಯಲಿಲ್ಲ. ಕಂಪನಿಗಳ ಲೆಕ್ಕಾಚಾರ ಅರ್ಥವಾಗದ್ದೇನಲ್ಲ. ಸಿನಿಮಾ ಹಾಡಿಗೆ ಸಿನಿಮಾವೇ ಪ್ರಚಾರ. ಹೀರೋ ಇದ್ದಾನೆ, ಪೋಸ್ಟರ್ ಇದೆ, ಟಿ.ವಿ.ಯಲ್ಲಿ ದಿನಕ್ಕೆ ಹತ್ತು ಸಲ ತುಣುಕು ಬರುತ್ತದೆ. ಹೆಸರಿಲ್ಲದ ಹಾಡುಗಾರನ, ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಬೆರೆತ ಆಲ್ಬಮ್ಮನ್ನು ಅಂಗಡಿಯಲ್ಲಿ ಯಾವ ಸಾಲಿನಲ್ಲಿ ಇಡುವುದು? ಕೊನೆಗೆ ಅದನ್ನು ಹೊರತಂದವರು ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್. ಅವರು ರಘು ಅವರ ಹಾಡನ್ನು ಮುಂಬೈಯಲ್ಲಿ ನೇರವಾಗಿ ಕೇಳಿದ್ದರು. ಆಗಷ್ಟೇ ತೆರೆದಿದ್ದ ತಮ್ಮ ಸ್ವಂತ ಲೇಬಲ್ಲಿನಿಂದ ‘ಅಂತರಾಗ್ನಿ’ಯನ್ನು ಬಿಡುಗಡೆ ಮಾಡಿದರು. ಡೆಮೊ ಸಿ.ಡಿ.ಗಳು ಮಾಡಲಾಗದ ಕೆಲಸವನ್ನು ವೇದಿಕೆ ಮಾಡಿತು.

ಆ ಆಲ್ಬಮ್ಮಿನಲ್ಲಿ ಎಂಟು ಹಾಡು. ‘ಮೈಸೂರ್ ಸೆ ಆಯಿ’ ಹೆಚ್ಚು ಹೆಸರು ಮಾಡಿತು. ಆದರೆ ಬೆನ್ನೆಲುಬು ಬೇರೆ ಇದೆ, ಅದು ಎರಡು ಕನ್ನಡ ಹಾಡುಗಳಲ್ಲಿದೆ: ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಎರಡೂ ಶಿಶುನಾಳ ಷರೀಫರವು. ಷರೀಫರು ಬದುಕಿದ್ದು 1819ರಿಂದ 1889ರವರೆಗೆ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ. ಹುಕ್ಕಾ, ಸೋರುವ ಮಾಳಿಗೆಯಂಥ ಮನೆಬಳಕೆಯ ವಸ್ತುಗಳನ್ನು ಹಿಡಿದು ಅಧ್ಯಾತ್ಮಕ್ಕೆ ಏಣಿ ಹಾಕುವುದು ಅವರ ರೀತಿ. ಈ ಹಾಡುಗಳನ್ನು ನಾವು ಹಳೇ ಮೈಸೂರಿನವರು ಹೆಚ್ಚಾಗಿ ಕೇಳಿದ್ದು ಸಿ. ಅಶ್ವಥ್ ಅವರ ದನಿಯಲ್ಲಿ, ಕ್ಯಾಸೆಟ್ಟುಗಳಲ್ಲಿ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದ ಮೇಲಂತೂ ಅಶ್ವಥ್ ಅವರ ಮಟ್ಟುಗಳೇ ಷರೀಫರ ಮಟ್ಟು ಎನ್ನುವಷ್ಟು ಮನೆಮಾತಾದವು. ಆ ಕಂಚಿನ ಕಂಠ ಕೇಳಿ ಬೆಳೆದ ಕಿವಿಗೆ ಅದೇ ಹಾಡನ್ನು ಬೇರೆ ಮಟ್ಟಿನಲ್ಲಿ ಹಾಡಿ ಒಪ್ಪಿಸುವುದು ಸುಲಭವಲ್ಲ.

ರಘು ಅವರು ಅಶ್ವಥ್ ಹಾದಿಯಲ್ಲಿ ನಡೆಯಲಿಲ್ಲ, ಸ್ವಂತ ಮಟ್ಟು ಹಾಕಿದರು. ‘ಗುಡುಗುಡಿಯ’ ಹಾಡನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು, ಮಾತು ಬಿಟ್ಟು ಲಯವನ್ನಷ್ಟೇ ಹಿಡಿದು ಕೇಳಿ. ಗಿಟಾರು ಅಲ್ಲಿ ಸ್ವರಕ್ಕಿಂತ ಹೆಚ್ಚಾಗಿ ತಾಳದ ಕೆಲಸ ಮಾಡುತ್ತದೆ. ತಂತಿಯ ಮೇಲೆ ಕೈ ಬೀಸುವ ರಭಸದಲ್ಲೇ ಕುಣಿತವಿದೆ. ದನಿ ತೆರೆದ ಗಂಟಲಿನದು, ಮೈಕು ಇಲ್ಲದೆ ಬಯಲಲ್ಲಿ ಹಾಡುವವರದು. ಸುಗಮ ಸಂಗೀತದಲ್ಲಿ ಹಾಡುಗಾರ ಕೂತು ಹಾಡುತ್ತಾನೆ, ಕೇಳುವವರು ಕೂತು ಕೇಳುತ್ತಾರೆ. ಈ ಹಾಡಿಗೆ ಇಬ್ಬರೂ ಎದ್ದು ನಿಲ್ಲಬೇಕು. ಭರತನಾಟ್ಯ ಕಲಿತ ಕಾಲು ಗೆಜ್ಜೆ ಕಟ್ಟಿಕೊಂಡು, ಬಣ್ಣದ ಲುಂಗಿಯುಟ್ಟು ವೇದಿಕೆಗೆ ಬಂದದ್ದರಿಂದ ಆ ವ್ಯತ್ಯಾಸ ಕಣ್ಣಿಗೂ ಕಂಡಿತು. ಆಲ್ಬಮ್ ಬರುವ ಮುಂಚೆಯೇ ಈ ಹಾಡುಗಳು ವೇದಿಕೆಯಲ್ಲಿ ವರ್ಷಗಟ್ಟಲೆ ಪಳಗಿದ್ದವು. ಎಲ್ಲಿ ಜನ ಚಪ್ಪಾಳೆ ಹಿಡಿಯುತ್ತಾರೆ, ಯಾವ ಚರಣಕ್ಕೆ ದನಿಗೂಡಿಸುತ್ತಾರೆ ಎಂಬುದು ಸ್ಟುಡಿಯೋಗೆ ಕಾಲಿಡುವ ಮೊದಲೇ ಗೊತ್ತಿತ್ತು. ಒಂದು ಮೊದಲ ಆಲ್ಬಮ್ಮಿಗೆ ಇದಕ್ಕಿಂತ ದೊಡ್ಡ ಬಂಡವಾಳವಿಲ್ಲ. ಆ ಬಂಡವಾಳ ಕೂಡಿಬಂದದ್ದು ತಂಡದ ದಿನಗಳಿಂದ. ಹಳೆಯ ಹೆಸರನ್ನು ಆಲ್ಬಮ್ಮಿಗೆ ಇಟ್ಟದ್ದನ್ನು ನಾನು ಆ ಲೆಕ್ಕದಲ್ಲೇ ಓದುತ್ತೇನೆ. ಸಾಲದ ಮೂಲ ಎಲ್ಲಿಯದು ಎಂದು ಮುಖಪುಟದಲ್ಲೇ ಬರೆದಂತೆ ಅದು.

ಆಮೇಲಿನದು ಬಹಳ ಜನರಿಗೆ ಗೊತ್ತು. ಅದೇ 2008ರಲ್ಲಿ ಬಂದ ‘ಸೈಕೋ’ ಚಿತ್ರದ ಮಾದೇಶ್ವರನ ಹಾಡು ನಮ್ಮ ಹಳ್ಳಿಗಳ ಧ್ವನಿವರ್ಧಕಗಳಿಗೂ ಬಂತು. ಆಲ್ಬಮ್ಮಿನ ಹೆಸರೇ ಕೇಳದವರು ಕೂಡ ಆ ದನಿಯನ್ನು ಗುರುತಿಸಿದರು. 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ. ಒಂದು ಮಾತನ್ನು ಒತ್ತಿ ಹೇಳಬೇಕು. ಪರದೇಶದವರಿಗಾಗಿ ಷರೀಫರನ್ನು ಇಂಗ್ಲಿಷಿಗೆ ಎಳೆದು ತರಲಿಲ್ಲ. ಹಾಡು ಕನ್ನಡದಲ್ಲೇ ಹೋಯಿತು, ಕನ್ನಡದಲ್ಲೇ ಗೆದ್ದಿತು.

ಇನ್ನು ಎರಡನೆಯ ಹೆಸರಿನ ವಿಚಾರ. ಹೊಸ ಏರ್ಪಾಡಿನಲ್ಲಿ ಒಂದು ಜಾಣತನವಿತ್ತು. ಹೆಸರು ಹಾಡುಗಾರನದು, ಸುತ್ತ ನುಡಿಸುವವರು ಬರುತ್ತಾರೆ, ಹೋಗುತ್ತಾರೆ. ಒಬ್ಬರು ಬಿಟ್ಟರೆ ತಂಡ ಮುರಿಯಿತು ಎನ್ನುವ ಪ್ರಮೇಯವಿಲ್ಲ. ಬೇಸ್ ಗಿಟಾರಿನ ಗೌರವ್ ವಾಜ್, ಗಿಟಾರಿನ ವಿಜಯ್ ಜೋಸೆಫ್ ಅವರಂಥವರು ಈ ಏರ್ಪಾಡಿಗೆ ಮೈ ತುಂಬಿದರು. ಒಂದು ಸಲ ತಂಡ ಕಳೆದುಕೊಂಡವನಿಗೆ ಇಂಥ ವ್ಯವಸ್ಥೆ ಬೇಕೆನಿಸುವುದು ಸಹಜ. ಆದರೆ ಇದರ ಬೆಲೆ ತೆರುವವರು ಜೊತೆಗಾರರು. ಹಾಡು ಗೆದ್ದಾಗ ಗೆಲ್ಲುವುದು ಮೇಲೆ ಬರೆದಿರುವ ಹೆಸರು. ಆ ಹಾಡಿನ ನಡುವೆ ಕೊಳಲಿನ ತುಣುಕು ಕೊಟ್ಟವರು ಯಾರು, ಆ ತಾಳದ ತಿರುವು ಯಾರ ಬೆರಳಿನದು ಎಂದು ಕೇಳುವವರಿಲ್ಲ. ರಘು ಅವರೊಬ್ಬರ ಮೇಲೆ ಹೊರಿಸುವ ದೂರಲ್ಲ ಇದು. ಒಬ್ಬರ ಹೆಸರಿನಲ್ಲಿ ನಡೆಯುವ ಎಲ್ಲ ಸಂಗೀತದ ಕಷ್ಟ. ಸಿ.ಡಿ.ಯ ಒಳಹಾಳೆಯಲ್ಲಾದರೂ ಸಣ್ಣ ಅಕ್ಷರದಲ್ಲಿ ವಾದಕರ ಹೆಸರಿರುತ್ತಿತ್ತು. ಮೊಬೈಲಿನಲ್ಲಿ ಹಾಡು ಕೇಳುವ ಕಾಲ ಬಂದು ಆ ಒಳಹಾಳೆಯೂ ಹೋಯಿತು.

ಈಗ ಮಾಗಡಿಯ ಹುಡುಗನ ಪ್ರಶ್ನೆಗೆ ಬರೋಣ. ಕಾನೂನಿನ ಕಣ್ಣಲ್ಲಿ ಹಾಡು ಒಂದೇ ವಸ್ತುವಲ್ಲ. ಸಾಹಿತ್ಯ ಬರೆದವನಿಗೆ ಒಂದು ಹಕ್ಕು. ಮಟ್ಟು ಹಾಕಿದವನಿಗೆ ಇನ್ನೊಂದು. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂದು ಬೇರೆಯೇ ಇದೆ. ರೆಕಾರ್ಡಿಂಗಿಗೆ ಹಣ ಹಾಕಿ ಮಾಡಿಸಿದವನಿಗೆ ಧ್ವನಿಮುದ್ರಣದ ಹಕ್ಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇವೆಲ್ಲ ಬೇರೆ ಬೇರೆ. ಬರೆದವರ, ಮಟ್ಟು ಹಾಕಿದವರ ಹಕ್ಕು ಅವರ ಜೀವಮಾನ ಮತ್ತು ಆಮೇಲೆ 60 ವರ್ಷ. ಧ್ವನಿಮುದ್ರಣದ ಹಕ್ಕು 60 ವರ್ಷ, ಪ್ರದರ್ಶಕರದು 50 ವರ್ಷ. ಷರೀಫರ ಹಾಡನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅವರು 1889ರಲ್ಲೇ ತೀರಿಕೊಂಡರು, ಅವರ ಮಾತು ಈಗ ಎಲ್ಲರ ಸ್ವತ್ತು, ಯಾರು ಬೇಕಾದರೂ ಹಾಡಬಹುದು. ಆದರೆ ಅದಕ್ಕೆ ಅಶ್ವಥ್ ಅವರು ಸ್ವಂತವಾಗಿ ಹಾಕಿದ ಮಟ್ಟು ಹಾಗಲ್ಲ. ಅವರು ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ, ಆ ಹಕ್ಕು 2069ರ ಕೊನೆಯವರೆಗೆ ಉಳಿಯುತ್ತದೆ. ‘ಇದು ಜನಪದ, ತತ್ವಪದ, ಇದಕ್ಕೆಲ್ಲ ಯಾರು ಕೇಳ್ತಾರೆ’ ಎಂದುಕೊಂಡು ಕ್ಯಾಸೆಟ್ಟಿನ ಮಟ್ಟನ್ನೇ ಎತ್ತಿಕೊಂಡು ಹಾಕಿದವರ ವಿಡಿಯೊ ಯೂಟ್ಯೂಬಿನಿಂದ ಮಾಯವಾದರೆ ಕಾರಣ ಇದೇ.

ತಂಡದಲ್ಲಿ ಕಟ್ಟಿದ ಹಾಡಿನ ತೊಡಕು ಇನ್ನೂ ಹೆಚ್ಚು. ರಾತ್ರಿ ಯಾರದೋ ಮನೆಯ ಮಹಡಿಯಲ್ಲಿ ಕೂತು ಒಬ್ಬ ಪಲ್ಲವಿಯ ಸಾಲು ಹೇಳುತ್ತಾನೆ. ಕೀಬೋರ್ಡಿನವನು ಅದಕ್ಕೊಂದು ಎಳೆ ಹಿಡಿಯುತ್ತಾನೆ. ಚರಣದ ಮಟ್ಟು ಸರಿಹೋಗದೆ ಇನ್ನೊಬ್ಬ ಬದಲಾಯಿಸುತ್ತಾನೆ. ರಿದಮ್ ಪ್ಯಾಡಿನವನ ನಡೆಯಿಂದಲೇ ಹಾಡಿಗೆ ಜೀವ ಬರುತ್ತದೆ. ಆರು ತಿಂಗಳಾದ ಮೇಲೆ ಯಾರು ಏನು ಮಾಡಿದರು ಎಂದು ಕೇಳಿದರೆ ನಾಲ್ಕು ಜನ ನಾಲ್ಕು ಕಥೆ ಹೇಳುತ್ತಾರೆ. ನಾಲ್ವರದೂ ಪ್ರಾಮಾಣಿಕವೇ. ಇಬ್ಬರು ಸೇರಿ, ಇಂಥ ಭಾಗ ಇಂಥವನದು ಎಂದು ಬಿಡಿಸಲಾಗದ ಹಾಗೆ ಕಟ್ಟಿದ ಮಟ್ಟು ಜಂಟಿ ಕೃತಿ. ಒಬ್ಬ ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಅದನ್ನು ಕಂಪನಿಗೆ ಬರೆದುಕೊಡುವ ಹಾಗಿಲ್ಲ. ಬರೀ ತಾಳ ಬಾರಿಸಿದ್ದಕ್ಕೆ ಮಟ್ಟಿನಲ್ಲಿ ಪಾಲು ಸಿಗುವುದು ಕಷ್ಟ. ಆದರೆ ರೆಕಾರ್ಡಿಂಗಿನಲ್ಲಿ ನುಡಿಸಿದ್ದರೆ ಪ್ರದರ್ಶಕನ ಹಕ್ಕು ಅವನಿಗಿದೆ. ತಂಡದ ಹೆಸರಿನದು ಮತ್ತೊಂದೇ ಕಾನೂನು, ಟ್ರೇಡ್‌ಮಾರ್ಕ್. ಯಾರೂ ನೋಂದಾಯಿಸದೆ ಬಿಟ್ಟಿದ್ದರೆ ಹೆಸರಿಗಾಗಿ ನಡೆಯುವ ಜಗಳ ಹಾಡಿನ ಜಗಳಕ್ಕಿಂತ ಕಹಿಯಾಗುತ್ತದೆ.

ಹಾಗಾಗಿ ಆ ಹುಡುಗನಿಗೆ ಹೇಳಿದ್ದು ಇಷ್ಟು. ನೀನೇ ಬರೆದು ನೀನೇ ಮಟ್ಟು ಹಾಕಿದ ಹಾಡು ನಿನ್ನದು, ಹೊಸದಾಗಿ ಹಾಡಿ ರೆಕಾರ್ಡ್ ಮಾಡಿಕೋ. ತಂಡದ ಖರ್ಚಿನಲ್ಲಿ ಮಾಡಿದ ಹಳೆಯ ರೆಕಾರ್ಡಿಂಗನ್ನು ಮಾತ್ರ ಎತ್ತಿಕೊಂಡು ಬರಬೇಡ. ಸೇರಿ ಕಟ್ಟಿದ್ದಾದರೆ ಕೇಳು, ಒಪ್ಪಿಗೆ ತಗೋ, ಹೆಸರು ಹಾಕು. “ಅವ್ರು ಕೊಡ್ದೇ ಹೋದ್ರೆ?” ಎಂದ. ಕೊಡದಿದ್ದರೆ ಬೇರೆ ಹಾಡು ಕಟ್ಟಬೇಕು. ಕಟ್ಟಬಲ್ಲವನೇ ಒಂಟಿ ಆಲ್ಬಮ್ಮಿಗೆ ತಯಾರಾದವನು ಎಂದು ನಾನು ನಂಬಿದ್ದೇನೆ.

ಹಾಡಿನಲ್ಲಿ ಜೊತೆಗಾರರ ಪಾಲನ್ನು ಮರೆಯಬಾರದು ಎಂಬ ಪಾಠ ನಮ್ಮ ನೆಲಕ್ಕೆ ಹೊಸದಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ಕೇಳಿದವರಿಗೆ ಗೊತ್ತು. ತಂಬೂರಿ ಹಿಡಿದು ಕಥೆ ನಡೆಸುವವನು ಒಬ್ಬ. ಅವನ ಸಾಲಿನ ಬಾಲ ಹಿಡಿದು ಸೊಲ್ಲು ಎತ್ತಿಕೊಡುವುದು ಹಿಮ್ಮೇಳ. ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ ಮುಂದಾಳು ಉಸಿರು ಎಳೆದುಕೊಳ್ಳುವುದು, ಮುಂದಿನ ಸಾಲು ನೆನೆಸಿಕೊಳ್ಳುವುದು ಹಿಮ್ಮೇಳದವರು ಹಾಡುವ ಆ ಹೊತ್ತಿನಲ್ಲೇ. ಅವರಿಲ್ಲದಿದ್ದರೆ ಅವನು ಬೆಳಗಿನವರೆಗೆ ಮುಟ್ಟಲಾರ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕಕ್ಕೆ ಹೋದಾಗ ನಾನು ವಾದ್ಯಗಳನ್ನು ನೋಡುತ್ತಾ ಇದನ್ನೇ ಯೋಚಿಸುತ್ತೇನೆ. ವಾದ್ಯಗಳನ್ನು ಕಾಪಾಡಿದ್ದೇವೆ, ಹಿಮ್ಮೇಳದಲ್ಲಿ ನಿಂತು ಅವನ್ನು ನುಡಿಸಿದವರ ಹೆಸರು ಬಹುಪಾಲು ಉಳಿದಿಲ್ಲ. ಈಗಿನ ತಂಡಗಳ ವಿಷಯದಲ್ಲಿ ಹಾಗಾಗಬೇಕಾಗಿಲ್ಲ, ಏಕೆಂದರೆ ಬರೆದಿಡುವುದು ಈಗ ಕಷ್ಟವಲ್ಲ.

ಒಂದು ನೋಟ್‌ಬುಕ್ ಸಾಕು. ಹಾಡಿಗೊಂದು ಹಾಳೆ. ಮೇಲೆ ಹಾಡಿನ ಹೆಸರು, ತಾರೀಖು. ಕೆಳಗೆ ಸಾಹಿತ್ಯ ಯಾರದು, ಮಟ್ಟು ಯಾರದು, ಯಾರು ಯಾರು ಏನು ನುಡಿಸಿದರು, ಯಾರು ದುಡ್ಡು ಹಾಕಿದರು. ಹಣ ಬಂದರೆ ಯಾರಿಗೆ ಎಷ್ಟು ಪಾಲು, ಒಬ್ಬ ತಂಡ ಬಿಟ್ಟರೆ ಈ ಹಾಡನ್ನು ಹೊರಗೆ ಹಾಡಬಹುದೇ, ಬಾರದೇ. ಎಲ್ಲರ ಸಹಿ. ಹಾಡು ಕಟ್ಟಿದ ರಾತ್ರಿಯೇ, ಎಲ್ಲರೂ ಸಂತೋಷದಲ್ಲಿರುವಾಗಲೇ ಬರೆಯಬೇಕು. ಜಗಳವಾದ ಮೇಲೆ ಯಾರೂ ಬರೆಯುವುದಿಲ್ಲ. ಹಾಳೆಯ ಫೋಟೊ ತೆಗೆದು ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ತಾರೀಖಿಗೆ ಇನ್ನೊಂದು ಸಾಕ್ಷಿಯಾಯಿತು. ಹಕ್ಕುಸ್ವಾಮ್ಯ ಹುಟ್ಟಲು ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ವ್ಯಾಜ್ಯದಲ್ಲಿ ಬಲ ಬರುತ್ತದೆ. 2013ರ ನಿಯಮಗಳ ಪ್ರಕಾರ ಸಾಹಿತ್ಯಕ್ಕೆ ಅಥವಾ ಮಟ್ಟಿಗೆ ಶುಲ್ಕ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು. ಹಾಡಿಗೆ ಕೆಲಸ ಮಾಡಿದ ಎಲ್ಲರ ಹೆಸರನ್ನೂ ಯೂಟ್ಯೂಬಿನ ವಿಡಿಯೊದ ಕೆಳಗಿನ ವಿವರದಲ್ಲಿ ಬರೆಯಲು ಕಾಸೂ ಬೇಕಿಲ್ಲ, ಅರ್ಜಿಯೂ ಬೇಕಿಲ್ಲ.